ದಿವಾನರನ್ನು ಇಳಿಸುವವರು ಯಾರು?



ಬೇರೆ ಬೇರೆ ದೇಶಗಳ ಕಾರ್ಯಾಂಗ, ಶಾಸಕಾಂಗಗಳನ್ನು ಹೋಲಿಸಿ ಮಾತನಾಡಬೇಕೆಂದು ವಿಷಯ ಕೊಟ್ಟಿದ್ದೀರಿ. ಈ ವಿಷಯದ ಉಪನ್ಯಾಸಗಳು ವಾಡಿಕೆಯಂತೆ ಲಂಡನ್ನಿನಲ್ಲಿ ಹೊರಟು, ವಾಷಿಂಗ್ಟನ್ ಸುತ್ತಿ, ಪ್ಯಾರಿಸ್ ಕಂಡು, ದೆಹಲಿಗೆ ಬಂದು ನಿಲ್ಲುತ್ತವೆ. ನಾನು ಕುಪ್ಪಂನಿಂದ ಹೊರಡುತ್ತೇನೆ. ಕೆಜಿಎಫ್, ಬಂಗಾರಪೇಟೆಯವರಾದ ನಿಮಗೂ ಹತ್ತಿರ, ನನಗೂ ಸುಲಭ.

1937ರ ಜುಲೈ ತಿಂಗಳು. ಕುಪ್ಪಂ ಆಗ ಮದ್ರಾಸ್ ಪ್ರಾಂತ್ಯದ ಚಿತ್ತೂರು ಜಿಲ್ಲೆಗೆ ಸೇರಿತ್ತು. ಚುನಾವಣೆ ಗೆದ್ದ ಕಾಂಗ್ರೆಸ್ಸು ಮದ್ರಾಸಿನಲ್ಲಿ ರಾಜಾಜಿಯವರ ನೇತೃತ್ವದ ಮಂತ್ರಿಮಂಡಲ ರಚಿಸಿತು. ಮತದ ಹಕ್ಕು ಎಲ್ಲರಿಗೂ ಇರಲಿಲ್ಲ, ಗವರ್ನರ ಕೈಯಲ್ಲಿ ವಿಶೇಷಾಧಿಕಾರಗಳು ಉಳಿದಿದ್ದವು, ನಿಜ. ಆದರೂ ಆ ಮಂತ್ರಿಗಳು ಕುರ್ಚಿಯಲ್ಲಿ ಕೂತದ್ದು ಶಾಸನಸಭೆಯ ಬಹುಮತದ ಬಲದಿಂದ. ಬಹುಮತ ಹೋದರೆ ಏಳಬೇಕಿತ್ತು. ಅದೇ ತಿಂಗಳು, ಅದೇ ಜೋಲಾರ್‌ಪೇಟೆ ಮಾರ್ಗದಲ್ಲಿ ಕೆಲವೇ ನಿಲ್ದಾಣ ಈಚೆಗಿರುವ ಬಂಗಾರಪೇಟೆ ಮೈಸೂರು ಸಂಸ್ಥಾನದಲ್ಲಿತ್ತು. ಇಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ. ಸಭೆಗಳು ಇಲ್ಲೂ ಇದ್ದವು, ಒಂದಲ್ಲ ಎರಡು: ಪ್ರಜಾಪ್ರತಿನಿಧಿ ಸಭೆ, ನ್ಯಾಯವಿಧಾಯಕ ಸಭೆ. ಆ ಎರಡೂ ಸಭೆಗಳ ಸದಸ್ಯರೆಲ್ಲ ಒಟ್ಟಾಗಿ ಕೈಯೆತ್ತಿದರೂ ದಿವಾನರ ಕುರ್ಚಿ ಅಲುಗಾಡುತ್ತಿರಲಿಲ್ಲ. ನೇಮಿಸುವವರು ಮಹಾರಾಜರು, ತೆಗೆಯುವವರೂ ಅವರೇ.

ಇಲ್ಲಿನ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿ ಉತ್ತರ ಆರ್ಕಾಟು, ಚಿತ್ತೂರು ಕಡೆಯವರು. ಹಬ್ಬಕ್ಕೆ ಊರಿಗೆ ಹೋದರೆ ಒಂದು ಬಗೆಯ ಸರ್ಕಾರ, ಶಿಫ್ಟಿಗೆ ಮರಳಿದರೆ ಇನ್ನೊಂದು ಬಗೆಯದು. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವ ವ್ಯತ್ಯಾಸವನ್ನು ಇಲ್ಲಿನ ಕೂಲಿಕಾರರು ಮೂರನೆಯ ದರ್ಜೆಯ ಟಿಕೆಟ್ಟಿನಲ್ಲಿ ದಾಟುತ್ತಿದ್ದರು.

ಯಾವ ದೇಶದ ಆಡಳಿತವನ್ನು ನೋಡುವಾಗಲೂ ನಾನು ಮೊದಲು ಕೇಳುವುದು ಇಷ್ಟು: ಅಧಿಕಾರ ನಡೆಸುವವರನ್ನು ಪ್ರಶ್ನಿಸುವವರು ಯಾರು, ಅವರ ಉತ್ತರ ಸಾಲದು ಎನಿಸಿದರೆ ನಡುವೆಯೇ ಇಳಿಸುವವರು ಯಾರು? ರಾಜನೋ ರಾಷ್ಟ್ರಪತಿಯೋ, ಒಂದು ಸದನವೋ ಎರಡೋ, ಲಿಖಿತ ಸಂವಿಧಾನವೋ ಅಲಿಖಿತವೋ ಎಂಬ ಪ್ರಶ್ನೆಗಳೆಲ್ಲ ಆಮೇಲೆ.

ಈ ಪ್ರಶ್ನೆಗೆ ಈ ಸೀಮೆಯಲ್ಲಿ ಹಳೆಯ ಬೇರಿದೆ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಐವತ್ತು ವರ್ಷ ಕಮಿಷನರುಗಳು ಆಳಿದರು. ಅವರಲ್ಲಿ ಒಬ್ಬರು ಲ್ಯೂವಿನ್ ಬೌರಿಂಗ್. ಬಂಗಾರಪೇಟೆ ಬಹುಕಾಲ ಬೌರಿಂಗ್‌ಪೇಟೆ ಎನಿಸಿಕೊಂಡದ್ದು ಅವರಿಂದಲೇ. ಅವರ ಕಾಲದಲ್ಲಿ ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಿದರು. ಕೋಲಾರ ನಂದಿದುರ್ಗ ವಿಭಾಗಕ್ಕೆ ಸೇರಿತ್ತು. ಸಭೆಯೂ ಇಲ್ಲ, ಸದಸ್ಯರೂ ಇಲ್ಲ, ಕಮಿಷನರು ಮತ್ತು ಅವರ ಕಚೇರಿ, ಮುಗಿಯಿತು. ಅರ್ಜಿ ಬರೆಯಬಹುದಿತ್ತು, ಅಷ್ಟೆ.

1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. 144 ಸದಸ್ಯರು. ತಾಲ್ಲೂಕಿನಿಂದ ಒಬ್ಬಿಬ್ಬರು ರೈತ ಪ್ರಮುಖರು, ಜಿಲ್ಲೆಗೆ ಕೆಲವರು ವರ್ತಕರು. ಬ್ರಿಟಿಷ್ ಇಂಡಿಯಾದಲ್ಲಿ ಕಾಂಗ್ರೆಸ್ಸು ಹುಟ್ಟುವುದಕ್ಕೂ ನಾಲ್ಕು ವರ್ಷ ಮೊದಲು ನಡೆದ ಸಂಗತಿ ಇದು, ಇದರ ಬಗ್ಗೆ ಕನ್ನಡಿಗರು ಹೆಮ್ಮೆ ಪಡುವುದರಲ್ಲಿ ತಪ್ಪಿಲ್ಲ. ದಸರೆಯ ಹೊತ್ತಿಗೆ ಸಭೆ. ದಿವಾನರು ವರ್ಷದ ಆಡಳಿತದ ವಿವರ ಓದುವರು: ಮಳೆ ಬೆಳೆ ಹೇಗಿತ್ತು, ಕಂದಾಯ ಎಷ್ಟು ಬಂತು, ರೈಲು ಎಲ್ಲಿಗೆ ಬಂತು, ಕಾಡು, ಶಾಲೆ, ಆಸ್ಪತ್ರೆ. ಆಮೇಲೆ ಸದಸ್ಯರು ತಮ್ಮ ತಮ್ಮ ತಾಲ್ಲೂಕಿನ ಅಹವಾಲು ಹೇಳುವರು. ಕೆರೆಯ ಹೂಳು, ಗೋಮಾಳದ ತಕರಾರು, ಹೋಬಳಿಗೆ ರಸ್ತೆ, ಅಮಲ್ದಾರರ ದರ್ಪ. ದಿವಾನರು ಕೇಳಿಸಿಕೊಳ್ಳುವರು, ಉತ್ತರ ಕೊಡುವರು, ಕೆಲವಕ್ಕೆ ಪರಿಶೀಲಿಸುತ್ತೇವೆ ಎನ್ನುವರು. ಹೊಸ ಕಾನೂನು ಮಾಡುವುದಾಗಲಿ, ಹಣ ತಡೆಹಿಡಿಯುವುದಾಗಲಿ, ದಿವಾನರನ್ನು ಬದಲಿಸುವುದಾಗಲಿ ಆ ಸಭೆಯ ಕೆಲಸವಾಗಿರಲಿಲ್ಲ.

ಆಗಿನ ಜಗತ್ತಿನಲ್ಲಿ ಇದೇನೂ ವಿಚಿತ್ರವಲ್ಲ. ಬಿಸ್ಮಾರ್ಕ್‌ನ ಜರ್ಮನಿಯಲ್ಲಿ ವಯಸ್ಕ ಗಂಡಸರೆಲ್ಲರ ಮತದಿಂದ ಆರಿಸಿದ ರೈಕ್‌ಸ್ಟಾಗ್ ಇತ್ತು. ಚಾನ್ಸಲರ್ ಮಾತ್ರ ಉತ್ತರ ಹೇಳಬೇಕಾದದ್ದು ಕೈಸರನಿಗೆ. 1889ರ ಜಪಾನಿನ ಮೆಯ್ಜಿ ಸಂವಿಧಾನದಲ್ಲಿ ಮಂತ್ರಿಗಳು ಚಕ್ರವರ್ತಿಗೆ ಹೊಣೆ. ಅಲ್ಲಿನ ಡಯಟ್ ಬಜೆಟ್ಟನ್ನು ಒಪ್ಪದಿದ್ದರೆ ಏನಾಗುತ್ತಿತ್ತು ಗೊತ್ತೇ? ಹಿಂದಿನ ವರ್ಷದ ಬಜೆಟ್ಟೇ ಮುಂದುವರಿಯುತ್ತಿತ್ತು. ಜಪಾನನ್ನು 1898ರಲ್ಲಿ ಕಣ್ಣಾರೆ ಕಂಡು ಮೆಚ್ಚಿ ಬಂದ ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಅವರ ಮುದ್ದೇನಹಳ್ಳಿಯೂ ಆಗ ಕೋಲಾರ ಜಿಲ್ಲೆಯದೇ. ಸಭೆಗಳಿಗೆ ಬಜೆಟ್ ಕುರಿತು ಚರ್ಚಿಸುವ ಅವಕಾಶ ಬೆಳೆದದ್ದು ಅವರ ಕಾಲದಲ್ಲಿ. ಚರ್ಚಿಸುವ ಅವಕಾಶ, ನಿರಾಕರಿಸುವ ಅಧಿಕಾರವಲ್ಲ.

ದಿವಾನರ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಅದರಲ್ಲೂ ಈ ಊರಿನಲ್ಲಿ ನಿಂತು. ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು ಸುಮಾರು 92 ಮೈಲಿ ತಂತಿ ಎಳೆದು 1902ರಲ್ಲಿ ಗಣಿಗೆ ಮುಟ್ಟಿಸಿದ್ದು ದಿವಾನರ ಆಡಳಿತ. ಶೇಷಾದ್ರಿ ಅಯ್ಯರ್ ಅವರ ಛಲದ ಕೆಲಸ. ಬಹುಮತ ಕೂಡಿಸಿಕೊಳ್ಳುವ ತಾಪತ್ರಯ ಇರಲಿಲ್ಲ, ಅವಿಶ್ವಾಸದ ಭಯ ಇರಲಿಲ್ಲ, ಒಬ್ಬ ಬುದ್ಧಿವಂತ ನಿರ್ಧರಿಸಿದ, ಆಯಿತು. ಇಂದಿಗೂ ಬಲವಾದ ಕಾರ್ಯಾಂಗ ಬೇಕು, ಶಾಸಕರ ಕಾಟ ಬೇಡ ಎನ್ನುವವರು ಇಂಥ ಉದಾಹರಣೆಗಳನ್ನೇ ಕೊಡುತ್ತಾರೆ. ಕೊಡಲಿ. ಆದರೆ ಆ ವಿದ್ಯುತ್ತು ಮೊದಲು ಬಂದದ್ದು ಗಣಿ ಕಂಪನಿಗಳಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಾರಿಗೆ ಮೊದಲು, ಯಾವ ದರಕ್ಕೆ, ಯಾಕೆ ಎಂದು ದಿವಾನರನ್ನು ಕಟ್ಟಿಹಾಕಿ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಒಳ್ಳೆಯ ದಿವಾನರಿದ್ದಾಗ ಆ ಕೊರತೆ ಕಾಣುವುದಿಲ್ಲ. ಮೈಸೂರಿಗೆ ಒಳ್ಳೆಯ ದಿವಾನರು ಸಾಲಾಗಿ ಸಿಕ್ಕರು. ಅದಕ್ಕೇ ಇಲ್ಲಿ ಜವಾಬ್ದಾರಿ ಸರ್ಕಾರದ, ಎಂದರೆ ಸಭೆಗೆ ಹೊಣೆಯಾದ ಸರ್ಕಾರದ, ಕೂಗು ತಡವಾಗಿ ಎದ್ದಿತು ಎಂಬುದು ನನ್ನ ಅನಿಸಿಕೆ.

ಇಲ್ಲಿ ಇನ್ನೊಂದು ವಿಪರ್ಯಾಸವಿತ್ತು. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್ ಗಣಿಗಳ ಕಂಪನಿಗಳೆಲ್ಲ ಲಂಡನ್ನಿನಲ್ಲಿ ನೋಂದಣಿಯಾದವು, ಜಾನ್ ಟೇಲರ್ ಅಂಡ್ ಸನ್ಸ್ ಅವರ ಉಸ್ತುವಾರಿಯವು. ಷೇರುದಾರರು ವರ್ಷಕ್ಕೊಮ್ಮೆ ಸೇರಿ ಲೆಕ್ಕ ಕೇಳಬಹುದಿತ್ತು, ಬೇಡವಾದ ನಿರ್ದೇಶಕರನ್ನು ಇಳಿಸಬಹುದಿತ್ತು. ಭೂಮಿಯೊಳಗಿನ ಚಿನ್ನದ ಮೇಲೆ ಹಣ ಹೂಡಿದವರಿಗೆ ಜವಾಬ್ದಾರಿ ಸರ್ಕಾರ, ಭೂಮಿಯ ಮೇಲೆ ಬಾಳುವವರಿಗೆ ಅಹವಾಲು! 1930ರ ಏಪ್ರಿಲ್‌ನಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ನಿಯಮ ಬಂದಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಕಳ್ಳರಿಗೆ ಮಾಡುವ ಮರ್ಯಾದೆ ನಮಗೇಕೆ ಎಂಬುದು ಅವರ ಸಿಟ್ಟು. ಮುಷ್ಕರ ಮೂರು ವಾರ ನಡೆಯಿತು, ಕಂಪನಿಗಳು ಹಿಂದೆಗೆಯಬೇಕಾಯಿತು. ಶಾಸನಸಭೆಯಲ್ಲಿ ಆಗಬೇಕಿದ್ದ ಪ್ರಶ್ನೋತ್ತರ ಶಾಫ್ಟಿನ ಬಾಯಲ್ಲಿ ಆಯಿತು. ಕೇಳಲು ಬಲವಿರುವ ಸಭೆಯಿಲ್ಲದ ಕಡೆ ಜನ ಕೆಲಸ ನಿಲ್ಲಿಸಿ ಕೇಳುತ್ತಾರೆ. 1946ರ ನವೆಂಬರ್ 4ರಂದು ಇಲ್ಲಿ ಪ್ರಾಣ ತೆತ್ತ ಆರು ಮಂದಿ ಕಾರ್ಮಿಕರ ವಿಷಯವನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಕ್ಯಾಸಂಬಳ್ಳಿಗೆ ಬರೋಣ. ಆಗ ಬಂಗಾರಪೇಟೆ ತಾಲ್ಲೂಕು, ಈಗ ಕೆಜಿಎಫ್ ತಾಲ್ಲೂಕು. 1902ರ ಮೇ 4ರಂದು ಅಲ್ಲಿ ಹುಟ್ಟಿದ ಕೆ. ಚೆಂಗಲರಾಯ (ಕೆ.ಸಿ.) ರೆಡ್ಡಿ ಕಾನೂನು ಓದಿದರು, ಪ್ರಜಾಪಕ್ಷ ಕಟ್ಟುವುದರಲ್ಲಿ ಮುಂದಾದರು. ಅದು ಪ್ರಜಾಮಿತ್ರ ಮಂಡಳಿಯೊಡನೆ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು, 1937ರಲ್ಲಿ ಕಾಂಗ್ರೆಸ್ಸಿನೊಳಗೆ ಕರಗಿತು. ದಿವಾನರಿಗೆ ಅಹವಾಲು ಒಪ್ಪಿಸುತ್ತಿದ್ದವರ ಸಾಲಿನಿಂದ ಎದ್ದು, ದಿವಾನಗಿರಿಯೇ ಬೇಡ ಎಂದವರ ಸಾಲಿಗೆ ಬಂದವರು ಅವರು. ಮರುವರ್ಷ, 1938ರ ಏಪ್ರಿಲ್ 25ರಂದು, ನಮ್ಮ ಜಿಲ್ಲೆಯದೇ ಆಗಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ವಿಚಾರಣೆಗೆ ಸಮಿತಿ ನೇಮಕವಾಯಿತು, ಸರ್ದಾರ್ ಪಟೇಲರು ಬಂದು ಮಿರ್ಜಾ ಅವರೊಡನೆ ಒಪ್ಪಂದ ಮಾಡಿಕೊಂಡರು, ಬಾವುಟ ಹಾರಿಸಲು ಅನುಮತಿ ಸಿಕ್ಕಿತು. ಗುಂಡು ಹಾರಿಸಿದ ಸರ್ಕಾರ ಉಳಿಯಿತು. ಅಂಥ ಘಟನೆಯ ಮರುದಿನ ಸಭೆಯಲ್ಲಿ ಎದ್ದು ನಿಂತು, ಈ ಮಂತ್ರಿಮಂಡಲದ ಮೇಲೆ ನಮಗೆ ವಿಶ್ವಾಸವಿಲ್ಲ ಎಂದು ಮತಕ್ಕೆ ಹಾಕುವುದು ಮೈಸೂರಿನಲ್ಲಿ ಆಗುವ ಮಾತಾಗಿರಲಿಲ್ಲ.

1940ರ ಕಾಯಿದೆ ಪ್ರಜಾಪ್ರತಿನಿಧಿ ಸಭೆಯನ್ನು 310 ಸ್ಥಾನಕ್ಕೆ, ನ್ಯಾಯವಿಧಾಯಕ ಸಭೆಯನ್ನು 68ಕ್ಕೆ ಹಿಗ್ಗಿಸಿತು. ಕುರ್ಚಿಗಳು ಹೆಚ್ಚಾದವು. ಸಭೆಗಳಿಂದಲೂ ಕೆಲವರನ್ನು ಮಂತ್ರಿಗಳಾಗಿ ಆರಿಸಿಕೊಂಡರು, ಅವರ ಹೊಣೆ ಮಾತ್ರ ಅರಮನೆಗೇ ಇತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಕೂಡ ಮೈಸೂರು ಹೀಗೆಯೇ ಇತ್ತು. 1947ರ ಆಗಸ್ಟ್ 15ರಂದು ಬಾವುಟ ಹಾರಿಸಿದ ಬಂಗಾರಪೇಟೆಯ ಮನುಷ್ಯನಿಗೆ ತನ್ನನ್ನಾಳುವ ದಿವಾನ್ ರಾಮಸ್ವಾಮಿ ಮುದಲಿಯಾರರನ್ನು ಬದಲಿಸುವ ಹಕ್ಕು ಇರಲಿಲ್ಲ. ಸೆಪ್ಟೆಂಬರ್ 1ರಿಂದ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ. ಕೆ.ಸಿ. ರೆಡ್ಡಿ ಮೊದಲಾದವರು ಜೈಲಿಗೆ ಹೋದರು, ವಿದ್ಯಾರ್ಥಿಗಳು ಬೀದಿಗಿಳಿದರು, ಅಕ್ಟೋಬರ್‌ನಲ್ಲಿ ಮಹಾರಾಜ ಜಯಚಾಮರಾಜ ಒಡೆಯರ್ ಒಪ್ಪಿದರು. ಅಕ್ಟೋಬರ್ 25ರಂದು ಕ್ಯಾಸಂಬಳ್ಳಿಯ ರೆಡ್ಡಿಯವರು ಮುಖ್ಯಮಂತ್ರಿಯಾದರು. ಮದ್ರಾಸಿಗೆ ಹತ್ತು ವರ್ಷ ಹಿಂದೆ ಬಂದ ಪದ್ಧತಿ ಬಂಗಾರಪೇಟೆಗೆ ಆಗ ಬಂತು. ಪ್ರಜಾಪ್ರತಿನಿಧಿ ಸಭೆ ಸೇರಿದ ದಿನದಿಂದ ಲೆಕ್ಕ ಹಾಕಿದರೆ 66 ವರ್ಷ. ಕೇಳುವ ಹಕ್ಕಿಗೂ ಇಳಿಸುವ ಹಕ್ಕಿಗೂ ನಡುವೆ ನಮ್ಮ ಹಿರಿಯರು ನಡೆದ ದೂರ ಅದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರದೇಶಗಳನ್ನು ನೋಡಿ, ಚಿತ್ರ ತಾನಾಗಿ ತಿಳಿಯಾಗುತ್ತದೆ.

ಬ್ರಿಟನ್ನಿನಲ್ಲಿ ಕಾರ್ಯಾಂಗ ಶಾಸಕಾಂಗದ ಹೊಟ್ಟೆಯಲ್ಲೇ ಹುಟ್ಟುತ್ತದೆ. 1979ರ ಮಾರ್ಚ್ 28ರಂದು ಪ್ರಧಾನಿ ಕ್ಯಾಲಹನ್ ಸರ್ಕಾರ 310ಕ್ಕೆ 311 ಮತಗಳಿಂದ, ಒಂದೇ ಮತದಿಂದ ಬಿತ್ತು. 1999ರ ಏಪ್ರಿಲ್ 17ರಂದು ನಮ್ಮ ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270ರಿಂದ ಬಿದ್ದದ್ದು ಅದೇ ಪದ್ಧತಿಯ ಮಾತು. ಅಮೆರಿಕದಲ್ಲಿ ಇದು ಸಾಧ್ಯವಿಲ್ಲ. ಅಧ್ಯಕ್ಷರನ್ನು ಜನ ಬೇರೆಯಾಗಿ ಆರಿಸುತ್ತಾರೆ, ಅಲ್ಲಿನ ಶಾಸಕಾಂಗವಾದ ಕಾಂಗ್ರೆಸ್ಸನ್ನು ಬೇರೆಯಾಗಿ. ಅಧ್ಯಕ್ಷರ ಸಂಪುಟದವರು ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ, ಸದನದಲ್ಲಿ ನಿತ್ಯ ಪ್ರಶ್ನೋತ್ತರಕ್ಕೆ ನಿಲ್ಲುವಂತಿಲ್ಲ. ನಾಲ್ಕು ವರ್ಷ ಮುಗಿಯುವ ತನಕ ಅಧ್ಯಕ್ಷರನ್ನು ಇಳಿಸಲು ಇರುವುದು ಮಹಾಭಿಯೋಗ ಒಂದೇ ದಾರಿ, ಅದೂ ಅಪರಾಧದ ಆರೋಪ ಹೊರಿಸಿ. 1868ರಲ್ಲಿ ಆಂಡ್ರೂ ಜಾನ್ಸನ್ ಸೆನೆಟ್ಟಿನಲ್ಲಿ ಒಂದು ಮತದಿಂದ ಪಾರಾದರು. ಇಂದಿನವರೆಗೆ ಒಬ್ಬ ಅಧ್ಯಕ್ಷರೂ ಈ ದಾರಿಯಲ್ಲಿ ಇಳಿದಿಲ್ಲ. ಹಾಗೆಂದು ಅಲ್ಲಿನ ಶಾಸಕಾಂಗ ದುರ್ಬಲವೆಂದು ತಿಳಿಯಬೇಡಿ. ಹಣದ ಗಂಟು ಅದರ ಕೈಯಲ್ಲಿದೆ. ಇಬ್ಬರೂ ಹಟ ಹಿಡಿದರೆ ಸರ್ಕಾರಿ ಕಚೇರಿಗಳಿಗೆ ಬೀಗ: 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 35 ದಿನ ಹಾಗಾಯಿತು. ನಮ್ಮಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ. ಅವರಲ್ಲಿ ಸರ್ಕಾರ ಬೀಳುವುದಿಲ್ಲ, ನೌಕರರ ಸಂಬಳ ನಿಲ್ಲುತ್ತದೆ. ಸಂಬಳ ನಿಂತ ಗಣಿ ಕಂಡಿರುವ ನಿಮಗೆ ಎರಡರಲ್ಲಿ ಯಾವುದು ಮೇಲೆಂದು ನಾನು ಹೇಳಬೇಕೇ?

ಫ್ರಾನ್ಸ್ 1958ರಲ್ಲಿ ಎರಡನ್ನೂ ಬೆರೆಸಿತು. ಅಧ್ಯಕ್ಷರೂ ಬಲಿಷ್ಠರು, ಸಂಸತ್ತಿಗೆ ಹೊಣೆಯಾದ ಪ್ರಧಾನಿಯೂ ಇದ್ದಾರೆ. 1986ರಲ್ಲಿ ಎಡಪಂಥದ ಮಿತ್ತೆರಾಂ ಅಧ್ಯಕ್ಷರು, ಬಲಪಂಥದ ಶಿರಾಕ್ ಪ್ರಧಾನಿ. ಒಂದೇ ಮನೆಯಲ್ಲಿ ಎರಡು ಒಲೆ. 1947ರಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದ ಮೇಲೂ ಸ್ವಲ್ಪ ಕಾಲ ಮೈಸೂರಿನಲ್ಲಿ ದಿವಾನರ ಹುದ್ದೆ ಉಳಿದುಕೊಂಡಿತ್ತೆಂಬುದನ್ನು ನೆನೆದರೆ ಫ್ರೆಂಚರ ಕಷ್ಟ ನಮಗೆ ಅರ್ಥವಾದೀತು. ಅಲ್ಲಿಯೂ ಪ್ರಧಾನಿಯನ್ನು ಸಂಸತ್ತು ಇಳಿಸಬಲ್ಲದು: 2024ರ ಡಿಸೆಂಬರ್‌ನಲ್ಲಿ ಬಾರ್ನಿಯೆ ಸರ್ಕಾರ ಬಿತ್ತು, 1962ರ ನಂತರ ಹಾಗಾದದ್ದು ಅದೇ ಮೊದಲು.

ನನಗೆ ಹೆಚ್ಚು ಇಷ್ಟವಾಗುವುದು ಜರ್ಮನಿಯ ಜಾಣತನ. ಹಿಟ್ಲರನಿಗೆ ಮುಂಚಿನ ದಿನಗಳಲ್ಲಿ ಅಲ್ಲಿ ಪರಸ್ಪರ ಕಂಡರಾಗದ ಪಕ್ಷಗಳು ಸರ್ಕಾರ ಬೀಳಿಸಲು ಒಂದಾಗುತ್ತಿದ್ದವು, ನಡೆಸಲು ಆಗುತ್ತಿರಲಿಲ್ಲ. ಆ ಪೆಟ್ಟು ತಿಂದು 1949ರ ಸಂವಿಧಾನದಲ್ಲಿ ಒಂದು ಷರತ್ತು ಹಾಕಿದರು: ಚಾನ್ಸಲರನ್ನು ಸಂಸತ್ತು ಇಳಿಸಬಹುದು, ಆದರೆ ಅದೇ ಮತದಲ್ಲಿ ಮುಂದಿನವರ ಹೆಸರನ್ನೂ ಬಹುಮತದಿಂದ ಆರಿಸಬೇಕು. 1972ರಲ್ಲಿ ಈ ಪ್ರಯತ್ನ ಸೋತಿತು, 1982ರಲ್ಲಿ ಶ್ಮಿಟ್ ಇಳಿದು ಕೋಲ್ ಬಂದರು. ಸ್ವಿಟ್ಜರ್‌ಲೆಂಡ್ ಬೇರೆಯೇ ಲೋಕ. ಏಳು ಮಂದಿಯ ಮಂಡಲಿಯನ್ನು ಸಂಸತ್ತು ನಾಲ್ಕು ವರ್ಷಕ್ಕೆ ಆರಿಸುತ್ತದೆ, ಆಮೇಲೆ ನಡುವೆ ಇಳಿಸುವಂತಿಲ್ಲ, ಅಧ್ಯಕ್ಷಗಿರಿ ವರ್ಷಕ್ಕೊಬ್ಬರಿಗೆ. ಜನಮತಗಣನೆಯ ಅಂಕುಶ ಜನರ ಕೈಯಲ್ಲೇ ಇರುವುದರಿಂದ ಅವರಿಗೆ ಅದು ಸಾಗುತ್ತದೆ. ಇಸ್ರೇಲ್ ಮಾತ್ರ ಪ್ರಧಾನಿಯನ್ನೇ ಜನ ನೇರವಾಗಿ ಆರಿಸಲಿ ಎಂದು ಪ್ರಯೋಗ ಮಾಡಿತು, 1996, 1999, 2001ರಲ್ಲಿ ಹಾಗೆ ಚುನಾವಣೆ ನಡೆಸಿ, ಸಂಸತ್ತು ಇನ್ನಷ್ಟು ಚೂರಾದದ್ದು ಕಂಡು ಕೈಬಿಟ್ಟಿತು. ನಮ್ಮಲ್ಲಿ ಮುಖ್ಯಮಂತ್ರಿಯನ್ನು ನೇರವಾಗಿ ಆರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಗೆಳೆಯರು ಇದನ್ನು ನೋಡಬೇಕು.

ನಮ್ಮ ಸಂವಿಧಾನ ರಚನೆಯಾಗುವಾಗ ಈ ಆಯ್ಕೆಗಳೆಲ್ಲ ಮೇಜಿನ ಮೇಲಿದ್ದವು. ಮೈಸೂರಿನ ಪರವಾಗಿ ಸಂವಿಧಾನ ಸಭೆಯಲ್ಲಿ ಕೂತವರಲ್ಲಿ ಕೆ.ಸಿ. ರೆಡ್ಡಿಯವರೂ ಒಬ್ಬರು. 1948ರ ನವೆಂಬರ್ 4ರಂದು ಕರಡು ಮಂಡಿಸುತ್ತ ಅಂಬೇಡ್ಕರ್ ಹೇಳಿದ್ದರ ಸಾರ ಇದು: ಕಾರ್ಯಾಂಗಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು, ಎರಡೂ ಒಂದೇ ಪ್ರಮಾಣದಲ್ಲಿ ಸಿಗುವ ಪದ್ಧತಿ ಈವರೆಗೆ ಕಂಡುಬಂದಿಲ್ಲ, ಅಮೆರಿಕದ್ದರಲ್ಲಿ ಸ್ಥಿರತೆ ಹೆಚ್ಚು, ಬ್ರಿಟನ್ನಿನದರಲ್ಲಿ ಹೊಣೆಗಾರಿಕೆ ಹೆಚ್ಚು, ಕರಡು ಹೊಣೆಗಾರಿಕೆಗೆ ಒತ್ತು ಕೊಟ್ಟಿದೆ. ಐದು ವರ್ಷಕ್ಕೊಮ್ಮೆ ಮತದಾರರ ಪರೀಕ್ಷೆ ಒಂದು. ಪ್ರಶ್ನೆ, ಗೊತ್ತುವಳಿ, ಚರ್ಚೆಗಳ ಮೂಲಕ ಸದನದಲ್ಲಿ ದಿನನಿತ್ಯದ ಪರೀಕ್ಷೆ ಇನ್ನೊಂದು. ಆ ಅಂಬೇಡ್ಕರ್ 1954ರಲ್ಲಿ ಕೆಜಿಎಫ್‌ಗೆ ಬಂದಿದ್ದರು. ಅವರ ಪರಂಪರೆಯ ರಿಪಬ್ಲಿಕನ್ ಪಕ್ಷವನ್ನು, ಎಡಪಕ್ಷವನ್ನು, ಅಣ್ಣಾ ಡಿಎಂಕೆಯನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರ ಇದು. ರಾಜ್ಯದ ಬೇರೆ ಕಡೆ ಅಷ್ಟಾಗಿ ಗೆಲ್ಲದ ಧ್ವನಿಗಳಿಗೆ ಸದನದಲ್ಲಿ ಒಂದು ಕುರ್ಚಿ ಸಿಕ್ಕಿದ್ದು ಸಂಸದೀಯ ಪದ್ಧತಿಯಿಂದ. ಇಡೀ ರಾಜ್ಯಕ್ಕೆ ಒಬ್ಬರೇ ಅಧ್ಯಕ್ಷರನ್ನು ಆರಿಸುವ ಚುನಾವಣೆಯಲ್ಲಿ ಈ ಊರಿನ ಮಾತು ಎಲ್ಲಿ ಕೇಳಿಸೀತು?

ಇಳಿಸುವ ಹಕ್ಕು ಸಿಕ್ಕ ಮೇಲೆ ಕರ್ನಾಟಕ ಅದನ್ನು ಹೇಗೆ ಬಳಸಿತು? ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದರು, ಅದು ಮುಗಿಯುವ 1956ರಲ್ಲೇ ಸ್ವಪಕ್ಷದ ಶಾಸಕರ ಬೆಂಬಲ ಕಳೆದುಕೊಂಡು ರಾಜೀನಾಮೆ ಕೊಟ್ಟರು. 1990ರಲ್ಲಿ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಅವರಿಗೆ ಆದದ್ದೂ ಅದೇ. ಚುನಾವಣೆ ಗೆದ್ದ ಬಲಿಷ್ಠರನ್ನು ಸೌಮ್ಯವಾಗಿ ಇಳಿಸುವ ಈ ದಾರಿ ಅಧ್ಯಕ್ಷೀಯ ಪದ್ಧತಿಯಲ್ಲಿ ಇಲ್ಲ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು, ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ, ವಜಾ ಮಾಡಿದರು. ಆ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ರಾಜಭವನವಲ್ಲ, ಸದನ ಎಂದಿತು. ದೇಶದ ಯಾವ ಮೂಲೆಯಲ್ಲಿ ವಿಶ್ವಾಸಮತದ ಮಾತು ಬಂದರೂ ಬೊಮ್ಮಾಯಿ ಎಂಬ ಕನ್ನಡದ ಹೆಸರು ಬರುತ್ತದೆ.

2019ರ ಜುಲೈ 23 ಅಷ್ಟು ಹೆಮ್ಮೆಯ ದಿನವಲ್ಲ. ಕುಮಾರಸ್ವಾಮಿಯವರ ಸರ್ಕಾರ 99ಕ್ಕೆ 105ರಿಂದ ಬಿತ್ತು. ಸಭಾಧ್ಯಕ್ಷರ ಪೀಠದಲ್ಲಿದ್ದವರು ನಮ್ಮ ಶ್ರೀನಿವಾಸಪುರದ ರಮೇಶ್ ಕುಮಾರ್. ಮುಳಬಾಗಿಲಿನ ಪಕ್ಷೇತರ ಶಾಸಕ ಎಚ್. ನಾಗೇಶ್ ಜೂನ್‌ನಲ್ಲಿ ಆ ಸರ್ಕಾರದ ಮಂತ್ರಿ, ಜುಲೈನಲ್ಲಿ ರಾಜೀನಾಮೆ, ಆಗಸ್ಟ್‌ನಲ್ಲಿ ಮುಂದಿನ ಸರ್ಕಾರದ ಮಂತ್ರಿ. ಒಂದು ತಾಲ್ಲೂಕಿನ ಒಂದು ಕುರ್ಚಿಗೆ ಎಷ್ಟು ತೂಕ ಎಂದು ಬೆರಗಾಗಬೇಕೋ, ತಲೆ ತಗ್ಗಿಸಬೇಕೋ ನೀವೇ ಹೇಳಿ. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದು, ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸಕೂಡದೆಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು.

1985ರ ಪಕ್ಷಾಂತರ ನಿಷೇಧ ಕಾನೂನು ಬಂದದ್ದು ಇಂಥದನ್ನು ತಡೆಯಲೆಂದೇ. ನನ್ನ ದೃಷ್ಟಿಯಲ್ಲಿ ಅದು ಮಾಡಿದ ಉಪಕಾರಕ್ಕಿಂತ ಅಪಕಾರ ಹೆಚ್ಚು. ಗುಂಪಾಗಿ ರಾಜೀನಾಮೆ ಕೊಟ್ಟು ಹೋಗುವವರನ್ನು ಅದು ತಡೆಯಲಿಲ್ಲ. ಪಕ್ಷದಲ್ಲೇ ಉಳಿದು, ಒಂದು ಮಸೂದೆ ತನ್ನ ಕ್ಷೇತ್ರಕ್ಕೆ ಕೆಟ್ಟದ್ದು ಎಂದು ವಿರುದ್ಧ ಮತ ಹಾಕುವ ಪ್ರಾಮಾಣಿಕನನ್ನು ಮಾತ್ರ ಹೆದರಿಸಿತು. ಬ್ರಿಟನ್ನಿನಲ್ಲಿ ವಿಪ್ ಮೀರಿದ ಸದಸ್ಯನಿಗೆ ಪಕ್ಷದ ಸಿಟ್ಟು ತಟ್ಟಬಹುದು, ಕುರ್ಚಿ ಹೋಗುವುದಿಲ್ಲ. ನಮ್ಮಲ್ಲಿ ಕುರ್ಚಿಯೇ ಹೋಗುತ್ತದೆ. ಹೀಗಾಗಿ ಶಾಸಕಾಂಗ ಕಾರ್ಯಾಂಗವನ್ನು ಹಿಡಿದಿಡಬೇಕಿದ್ದ ಪದ್ಧತಿಯಲ್ಲಿ, ಬಹುಮತವಿರುವ ಕಾರ್ಯಾಂಗವೇ ಶಾಸಕಾಂಗವನ್ನು ಹಿಡಿದಿಟ್ಟುಕೊಂಡಿದೆ. ವಿಪ್ ಜಾರಿಯಾದ ದಿನ ಆಳುವ ಪಕ್ಷದ ಶಾಸಕನಿಗೂ ಹಳೆಯ ಪ್ರಜಾಪ್ರತಿನಿಧಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ: ಅಹವಾಲು ಹೇಳಬಹುದು.

ಗಣಿಯ ಕತೆಯಲ್ಲೂ ಇದು ಕಂಡಿತು. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಲಂಡನ್ನಿನ ಷೇರುದಾರರ ಬದಲು ಈಗ ಸಂಸತ್ತಿಗೆ ಹೊಣೆಯಾದ ಮಂತ್ರಿಯಿದ್ದರು. ಕಾರ್ಮಿಕರು ಕೇಳಿದರು, ಜನಪ್ರತಿನಿಧಿಗಳು ಕೇಳಿದರು, ಗಣಿ ಮುಚ್ಚಿತು. ಬಹುಮತ ಗಟ್ಟಿಯಿದ್ದರೆ ಬ್ರಿಟನ್ನಿನಲ್ಲೂ ಅದೇ: 1984-85ರಲ್ಲಿ ಕಲ್ಲಿದ್ದಲು ಗಣಿಗಾರರು ಒಂದು ವರ್ಷ ಮುಷ್ಕರ ಹೂಡಿದರೂ ಥ್ಯಾಚರ್ ಸರ್ಕಾರ ಹಿಂದೆಗೆಯಲಿಲ್ಲ. ಸಂಸದೀಯ ಪದ್ಧತಿ ನ್ಯಾಯ ಕೊಡಿಸುತ್ತದೆ ಎಂದು ನಾನು ಹೇಳುವುದಿಲ್ಲ. ಯಾರು ನಿರ್ಧರಿಸಿದರು ಎಂಬುದು ಗೊತ್ತಿರುತ್ತದೆ, ಅವರನ್ನು ಹೆಸರು ಹಿಡಿದು ಸದನದಲ್ಲಿ ನಿಲ್ಲಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಯಾವ ಸಂವಿಧಾನವೂ ಕೊಡಲಾರದು.

ಹಳೆಯ ದಿವಾನಗಿರಿ ಎಲ್ಲಿಯೂ ಉಳಿದಿಲ್ಲ ಎಂದುಕೊಂಡಿರಾದರೆ ರಾಬರ್ಟ್‌ಸನ್‌ಪೇಟೆಯ ನಗರಸಭೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನದನ್ನು ನೋಡಿದರೆ ರಾಜ್ಯದ ಎಲ್ಲ ನಗರಸಭೆಗಳನ್ನೂ ನೋಡಿದಂತೆ. ನೀವು ಆರಿಸಿದ ಸದಸ್ಯರು ಪ್ರಶ್ನೆ ಕೇಳುತ್ತಾರೆ. ಅವರು ಆರಿಸುವ ಅಧ್ಯಕ್ಷರ ಅವಧಿ 30 ತಿಂಗಳು. ಕಡತ, ಸಿಬ್ಬಂದಿ, ದಿನದ ಆಡಳಿತ ಪೌರಾಯುಕ್ತರ ಕೈಯಲ್ಲಿ. ಅವರ ನೇಮಕ, ವರ್ಗಾವಣೆ ಬೆಂಗಳೂರಿನ ಕೈಯಲ್ಲಿ. ಮೀಸಲಾತಿ ಪಟ್ಟಿಯ ವ್ಯಾಜ್ಯ ಎದ್ದರೆ ಚುನಾಯಿತ ಸಭೆ ಇದ್ದೂ ಅಧ್ಯಕ್ಷರಿಲ್ಲದೆ ತಿಂಗಳುಗಟ್ಟಲೆ ಆಡಳಿತಾಧಿಕಾರಿಯ ಕಾರುಬಾರು. ಬೌರಿಂಗ್ ಬಂದು ನೋಡಿದರೆ ಅವರಿಗೆ ಏನೂ ಹೊಸದೆನಿಸುವುದಿಲ್ಲ.

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು 1926ರಿಂದ 1940ರವರೆಗೆ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿದ್ದರು, ಕನ್ನಡದಲ್ಲಿ ‘ರಾಜ್ಯಶಾಸ್ತ್ರ’ ಬರೆದರು. ಇಳಿಸುವ ಅಧಿಕಾರವಿಲ್ಲದ ಸಭೆಯಲ್ಲಿ ಕೂತು, ಕೇಳುವುದನ್ನು ಕಲಿಸಿದ ಜನ ಅವರು. ಅಧಿಕಾರ ಬಂದ ಮೇಲೆ ನಾವು ಕೇಳುವುದನ್ನೇ ಮರೆಯುತ್ತಿದ್ದೇವೆ. 2005ರಲ್ಲಿ ಕರ್ನಾಟಕದ ಶಾಸಕಾಂಗವೇ ಒಂದು ಕಾಯಿದೆ ಮಾಡಿಕೊಂಡಿತು: ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂದು. ಬ್ರಿಟನ್ನಿನ ಕಾಮನ್ಸ್ ಸಭೆ ಸಾಮಾನ್ಯ ವರ್ಷವೊಂದರಲ್ಲಿ ಸೇರುವ ದಿನಗಳಿಗೆ ಹೋಲಿಸಿದರೆ ಇದು ಅರ್ಧವೂ ಅಲ್ಲ. ಅಷ್ಟನ್ನೂ ಮುಟ್ಟಿದ ವರ್ಷಗಳು ಅಪರೂಪ. ಸೇರಿದ ದಿನಗಳಲ್ಲೂ ಪ್ರಶ್ನೋತ್ತರ ವೇಳೆ ಗದ್ದಲದಲ್ಲಿ ಕೊಚ್ಚಿಹೋಗುತ್ತದೆ. ಸದನ ಸೇರದ ದಿನ ಮುಖ್ಯಮಂತ್ರಿಯೂ ದಿವಾನರೇ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಶಾಸಕರಾಗಲು ಮತ ಕೇಳಿಕೊಂಡು ನಂದಿದುರ್ಗದ ಲೈನು ಮನೆಗಳಿಗೆ, ಬಂಗಾರಪೇಟೆಯ ಬೀದಿಗಳಿಗೆ ಯಾರೇ ಬರಲಿ, ಯಾವ ಪಕ್ಷದವರೇ ಆಗಲಿ, ರಸ್ತೆ ಚರಂಡಿಗಳ ಮಾತಿನ ಜತೆಗೆ ಇನ್ನೆರಡನ್ನು ಕೇಳಿ: ವರ್ಷಕ್ಕೆ 60 ದಿನ ಸದನ ಸೇರಬೇಕೆಂಬ ಕಾಯಿದೆ ಪಾಲನೆಯಾಗಲು ನೀವೇನು ಮಾಡುತ್ತೀರಿ? ಸೇರಿದಾಗ ನೀವು ಕೇಳಲಿರುವ ಮೊದಲ ಪ್ರಶ್ನೆ ಯಾವುದು? ಉತ್ತರವನ್ನು ಬರೆದಿಟ್ಟುಕೊಳ್ಳಿ. ಐದು ವರ್ಷ ಕಳೆದು ಅವರು ಮತ್ತೆ ಬಂದಾಗ ಆ ಚೀಟಿಯನ್ನು ತೋರಿಸಿ.